ಮತ್ತೆ ಅದೇ ಲೆವೆಲ್: ಜಿಮ್ ಬದಲಿಸಬೇಕೋ, ಬೇಡವೋ?

"ಈ ವರ್ಷನೂ ಅದೇ ಲೆವೆಲ್ಲೇನು? ಪಾಸಾಗಲಿಲ್ಲೇನವ್ವಾ?"

ಟೆಕ್ಸಾಸ್‌ನಲ್ಲೋ ನ್ಯೂಜೆರ್ಸಿಯಲ್ಲೋ ಜಿಮ್ನಾಸ್ಟಿಕ್ಸ್ ಕಲಿಯುತ್ತಿರುವ ಮೊಮ್ಮಗಳನ್ನು ಮಾನ್ವಿಯಲ್ಲಿರುವ ಅಜ್ಜಿ ವಿಡಿಯೊ ಕಾಲ್‌ನಲ್ಲಿ ಹೀಗೆ ಕೇಳಿದರೆ ಆ ಕಡೆ ಮಗು ಸುಮ್ಮನಾಗುತ್ತದೆ, ಮಗುವಿನ ತಾಯಿ ಮಾತು ಬದಲಿಸುತ್ತಾಳೆ. ಇತ್ತ ರಾಯಚೂರಿನ ಮಹಾತ್ಮ ಗಾಂಧಿ ಕ್ರೀಡಾಂಗಣದಲ್ಲಿ ಮಕ್ಕಳನ್ನು ಕರೆತಂದು ಕೂತ ಪಾಲಕರ ನಡುವೆಯೂ ಇದೇ ಮಾತು ಇನ್ನೊಂದು ರೀತಿಯಲ್ಲಿ ಬರುತ್ತದೆ. "ನಮ್ಮ ಹುಡುಗಂದು ಈ ಸಲನೂ ಕಲಬುರಗಿ ವಿಭಾಗಕ್ಕೇ ನಿಂತುಬಿಡ್ತು ನೋಡ್ರಿ. ಕೋಚ್‌ನ ಬದ್ಲಿ ಮಾಡಬೇಕಂತ ಮಾಡೀವಿ."

ಅಲ್ಲಿಯ ವ್ಯವಸ್ಥೆಗೂ ಇಲ್ಲಿಯದಕ್ಕೂ ಹೋಲಿಕೆ ಕಡಿಮೆ. ಆದರೆ ಪಾಲಕರು ತೂಗಬೇಕಾದ ಸಂಗತಿಗಳು ಬಹುತೇಕ ಒಂದೇ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಒಂದು ಲೆವೆಲ್ ಅನ್ನು ಎರಡನೇ ವರ್ಷ ಮಾಡುವುದು ಫೇಲಾದಂತಲ್ಲ, ಅದೊಂದನ್ನೇ ಹಿಡಿದು ಮಗುವನ್ನು ಜಿಮ್ ಬಿಡಿಸಬೇಡಿ. ಬಿಡಿಸಲು ಬೇರೆ ಕಾರಣಗಳಿವೆ. ಅವು ಕಣ್ಣಿಗೆ ಬಿದ್ದರೆ ಪದಕ ಬರುತ್ತಿದ್ದರೂ ಬಿಡಿಸಿ.

ಏಣಿ ಅಲ್ಲೊಂದು ಥರ, ಇಲ್ಲೊಂದು ಥರ

ಅಮೆರಿಕದಲ್ಲಿ ಹುಡುಗಿಯರ ಜಿಮ್ನಾಸ್ಟಿಕ್ಸ್‌ಗೆ 1ರಿಂದ 10ರವರೆಗೆ ಲೆವೆಲ್‌ಗಳಿವೆ. 5ರವರೆಗೆ ಎಲ್ಲರೂ ಮಾಡುವುದು ಒಂದೇ ರೂಟೀನ್, ಫ್ಲೋರ್‌ನಲ್ಲಿ ಸಂಗೀತವೂ ಒಂದೇ. 6ರಿಂದ ಮೇಲಕ್ಕೆ ನಿಯಮದ ಚೌಕಟ್ಟಿನೊಳಗೆ ಪ್ರತಿ ಹುಡುಗಿಗೂ ಅವಳದೇ ರೂಟೀನ್. ವಾಲ್ಟ್, ಅನ್‌ಈವನ್ ಬಾರ್ಸ್, ಬೀಮ್, ಫ್ಲೋರ್ ನಾಲ್ಕಕ್ಕೂ ತಲಾ 10 ಅಂಕ, ಒಟ್ಟು 40. ಮೊಣಕಾಲು ಚೂರು ಬಾಗಿದರೆ, ಪಾದದ ತುದಿ ಚಾಚದಿದ್ದರೆ ಅದಕ್ಕೂ ಅಂಕ ಕಡಿತ. ಬೀಮ್‌ನಿಂದ ಬಿದ್ದರೆ ಅರ್ಧ ಅಂಕ ಹೋಯಿತು. ಇಷ್ಟು ಬಿಗಿ ಬೇಡ, ವಾರಕ್ಕೆ ಕಡಿಮೆ ತಾಸು ಸಾಕು ಎನ್ನುವವರಿಗೆ ಎಕ್ಸೆಲ್ ಎಂಬ ಇನ್ನೊಂದು ದಾರಿ ಇದೆ. ಬ್ರಾಂಜ್, ಸಿಲ್ವರ್, ಗೋಲ್ಡ್ ಮೊದಲಾದವು ಅದರ ಹಂತಗಳು. ಎಕ್ಸೆಲ್‌ಗೆ ಹೋದ ಮಗು ಕೆಳಗಿಳಿಯಿತು ಎಂದು ಅಲ್ಲಿಯ ಕನ್ನಡ ಕುಟುಂಬಗಳು ಬೇಸರ ಮಾಡಿಕೊಳ್ಳಬೇಕಿಲ್ಲ.

ಲೆವೆಲ್ 4ರಲ್ಲಿ ಬಹಳ ಮಕ್ಕಳನ್ನು ತಡೆದು ನಿಲ್ಲಿಸುವುದು ಬಾರ್‌ನ ಮೇಲಿನ ಕಿಪ್ ಎಂಬ ಒಂದೇ ಪಟ್ಟು. ಬಾರ್ ಹಿಡಿದು, ಕಾಲು ನೆಲಕ್ಕೆ ತಾಗದ ಹಾಗೆ ಮೈಯನ್ನು ಮುಂದಕ್ಕೆ ಜಾರಿಸಬೇಕು. ಮೈ ಪೂರ್ತಿ ಚಾಚಿದ ಗಳಿಗೆಯಲ್ಲೇ ಕಾಲ್ಬೆರಳನ್ನು ಬಾರ್‌ಗೆ ತರಬೇಕು. ಮೈ ಹಿಂದಕ್ಕೆ ತೂಗಿ ಬರುವಾಗ ಪ್ಯಾಂಟ್ ಏರಿಸಿಕೊಂಡ ಹಾಗೆ ಬಾರ್ ಅನ್ನು ಮೊಣಕಾಲಿನಿಂದ ತೊಡೆಗುಂಟ ಸೊಂಟದವರೆಗೆ ಎಳೆದುಕೊಂಡು, ಮೊಣಕೈ ಬಾಗದೆ ಮೇಲೆ ನಿಲ್ಲಬೇಕು. ಹೊಟ್ಟೆಯ ಬಲವಿದ್ದು ಭುಜದ ಬಲ ಸಾಲದಿದ್ದರೆ ಆಗದು. ಎರಡೂ ಇದ್ದು ಕಾಲ್ಬೆರಳು ಅರ್ಧ ಸೆಕೆಂಡ್ ತಡವಾದರೂ ಆಗದು. ಕೆಲವರಿಗೆ ಇದು ಕೆಲವೇ ವಾರಗಳಲ್ಲಿ ಕೂಡಿಬರುತ್ತದೆ, ಕೆಲವರಿಗೆ ಇಡೀ ವರ್ಷ ಹಿಡಿಯುತ್ತದೆ. ಅಂಗೈ ಚರ್ಮ ಸುಲಿದು, ವಾಸಿಯಾಗಿ, ಮತ್ತೆ ಸುಲಿಯುತ್ತದೆ. ಕಿಪ್ ಗಟ್ಟಿಯಾಗದ ಹುಡುಗಿಯನ್ನು 5ಕ್ಕೆ ಏರಿಸಿದರೆ ಅಲ್ಲಿಯ ಬಾರ್ಸ್ ರೂಟೀನ್‌ನಲ್ಲಿ ಅದೇ ಪಟ್ಟು ಮತ್ತೆ ಮತ್ತೆ ಎದುರಾಗುತ್ತದೆ. ಫ್ಲೋರ್‌ನಲ್ಲಿ ಹಿಂದಕ್ಕೆ ಪಲ್ಟಿ ಬೇರೆ. ಇಂಥ ಮಗುವನ್ನು ಇನ್ನೊಂದು ವರ್ಷ 4ರಲ್ಲೇ ಉಳಿಸುವ ಕೋಚ್ ಮಗುವಿಗೆ ಒಳ್ಳೆಯದನ್ನೇ ಮಾಡುತ್ತಿದ್ದಾರೆ.

ನಮ್ಮ ದೇಶದಲ್ಲಿ ಸ್ಪರ್ಧೆ ನಡೆಯುವುದು ಮುಖ್ಯವಾಗಿ ವಯಸ್ಸಿನ ಗುಂಪುಗಳ ಮೇಲೆ: ಸಬ್ ಜೂನಿಯರ್, ಜೂನಿಯರ್, ಸೀನಿಯರ್. ಶಾಲಾ ಕ್ರೀಡಾಕೂಟಕ್ಕೆ ಬಂದರೆ 14, 17, 19 ವರ್ಷದೊಳಗಿನವರು ಎಂಬ ವಿಭಾಗಗಳು, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂಬ ಮೆಟ್ಟಿಲುಗಳು. ನಮ್ಮಲ್ಲಿಯ ಸಮಸ್ಯೆ ಅಮೆರಿಕದ್ದಕ್ಕೆ ತಿರುಗುಮುರುಗು. ಕಬಡ್ಡಿ, ಕೊಕ್ಕೊಗೆ ಮಾನ್ವಿ, ದೇವದುರ್ಗದ ಪ್ರತಿ ಶಾಲೆಯಿಂದಲೂ ತಂಡ ಬರುತ್ತದೆ. ಜಿಮ್ನಾಸ್ಟಿಕ್ಸ್‌ನಂಥ ಆಟಕ್ಕೆ ಬರುವವರು ಬೆರಳೆಣಿಕೆಯಷ್ಟು. ಎದುರಾಳಿಗಳೇ ಇಲ್ಲದೆ ಕೆಳಗಿನ ಮೆಟ್ಟಿಲು ದಾಟಿದ ಮಗು, ಮೇಲಿನ ಕೂಟದಲ್ಲಿ ದಿನಾ ಮೂರು ತಾಸು ಮ್ಯಾಟ್ ಮೇಲೆ ಬೆಳೆದ ಮಕ್ಕಳ ಪಕ್ಕ ನಿಲ್ಲಬೇಕಾಗುತ್ತದೆ. ಮುಂದಿನ ವರ್ಷ ಮತ್ತೆ ಅಲ್ಲಿಗೇ ಬಂದು ನಿಂತರೆ ಸೋತಂತೆ ಕಾಣುತ್ತದೆ. ಎರಡು ವರ್ಷದ ವಿಡಿಯೊ ಪಕ್ಕಪಕ್ಕ ಇಟ್ಟು ನೋಡಿ. ಕೈ ಮೇಲೆ ನಿಲ್ಲುವಾಗ ಕಳೆದ ವರ್ಷ ಬಾಳೆಹಣ್ಣಿನಂತೆ ಡೊಂಕಾಗಿದ್ದ ಬೆನ್ನು ಈ ವರ್ಷ ನೆಟ್ಟಗಿದ್ದರೆ ಸ್ಥಾನ ಯಾವುದೇ ಇರಲಿ, ಕೋಚ್ ಕೆಲಸ ಮಾಡಿದ್ದಾರೆ.

ನಿಂತಲ್ಲೇ ನಿಲ್ಲುವುದಕ್ಕೆ ಕಾರಣ

ಹತ್ತರಿಂದ ಹದಿನಾಲ್ಕರ ನಡುವೆ ಮಕ್ಕಳು ಒಂದೇ ವರ್ಷದಲ್ಲಿ ಸರ್ರನೆ ಉದ್ದವಾಗುತ್ತಾರೆ. ಕೈಕಾಲು ಉದ್ದವಾದರೆ ತೂಗುವ ಲೆಕ್ಕವೆಲ್ಲ ತಪ್ಪುತ್ತದೆ, ನಿನ್ನೆ ಬರುತ್ತಿದ್ದದ್ದು ಇವತ್ತು ಬರುವುದಿಲ್ಲ. ಹೆಣ್ಣುಮಕ್ಕಳಲ್ಲಿ ಇದು ಮೈನೆರೆಯುವ ಹೊತ್ತಿಗೇ ಬರುತ್ತದೆ. ಆಗ ಮನೆಯವರು ಬಿಡಿಸುವ ಮಾತಾಡುತ್ತಾರೆ, ಕೋಚ್ ತೂಕದ ಮಾತಾಡುತ್ತಾರೆ, ಮಗು ನಡುವೆ ನಲುಗುತ್ತದೆ. ಅಂಥ ಒಂದು ವರ್ಷ ಅದೇ ಹಂತದಲ್ಲಿದ್ದು ಹೊಸ ಮೈಗೆ ಹೊಂದಿಕೊಳ್ಳಲು ಬಿಡುವುದೇ ಸರಿ. ಹೆಣ್ಣುಮಕ್ಕಳು ಅಂತರರಾಷ್ಟ್ರೀಯ ಸೀನಿಯರ್ ಸ್ಪರ್ಧೆಗೆ ಇಳಿಯಬೇಕಾದರೆ ಆ ವರ್ಷ 16 ತುಂಬಬೇಕು, ಗಂಡುಮಕ್ಕಳಿಗೆ 18. ಹನ್ನೊಂದರಲ್ಲೇ ಅವಸರಪಡುವಂಥದ್ದೇನಿಲ್ಲ.

ಇನ್ನೊಂದು ಕಾರಣ ಹೆದರಿಕೆ. ಹಿಂದಕ್ಕೆ ಪಲ್ಟಿ ಹೊಡೆಯುತ್ತಿದ್ದ ಹುಡುಗಿ ಒಂದು ದಿನ ಓಡಿಬಂದು ನಿಂತುಬಿಡುತ್ತಾಳೆ. ಬೈದರೆ, ಶಿಕ್ಷೆ ಕೊಟ್ಟರೆ ಇನ್ನಷ್ಟು ಬಿಗಿಯಾಗುತ್ತಾಳೆ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಸಿಮೋನ್ ಬೈಲ್ಸ್ ಗಾಳಿಯಲ್ಲಿ ದಿಕ್ಕು ತಪ್ಪುತ್ತಿದೆ ಎಂದು ತಂಡದ ಫೈನಲ್‌ನ ನಡುವೆಯೇ ಹಿಂದೆ ಸರಿದರು. 2024ರ ಪ್ಯಾರಿಸ್‌ನಲ್ಲಿ ಅವರೇ ಮೂರು ಚಿನ್ನ ಗೆದ್ದರು. ಹೆದರಿಕೆ ಬಂದ ಮಗುವನ್ನು ಎರಡು ಮೆಟ್ಟಿಲು ಕೆಳಗಿಳಿಸಿ, ಮೆತ್ತನೆಯ ಮ್ಯಾಟ್ ಹಾಕಿ, ಕೈಯಾಸರೆ ಕೊಟ್ಟು ಮತ್ತೆ ಹತ್ತಿಸುವ ಕೋಚ್ ಸಿಕ್ಕಿದ್ದರೆ ಅವರನ್ನು ಬಿಡಬೇಡಿ.

ತಕರಾರು ಮಾಡಬೇಕಾದ ಕಾರಣಗಳೂ ಇವೆ. ಕೆಲವು ಜಿಮ್‌ಗಳು ತಮ್ಮ ತಂಡದ ಟ್ರೋಫಿಗಾಗಿ ಮೇಲೆ ಹೋಗಬಲ್ಲ ಮಗುವನ್ನೂ ಕೆಳಗೇ ಹಿಡಿದಿಡುತ್ತವೆ. ಕೆಲವೆಡೆ ಮುಂದಿನ ಹಂತದ ಪಟ್ಟುಗಳನ್ನು ಕಲಿಸುವ ತರಬೇತಿ ಕೋಚ್‌ಗೇ ಆಗಿರುವುದಿಲ್ಲ, ಒಪ್ಪಿಕೊಳ್ಳಲು ಸಂಕೋಚ. ಕೆಲವೆಡೆ ಒಂದೇ ಬೀಮ್‌ಗೆ ಇಪ್ಪತ್ತು ಮಕ್ಕಳು. ತಾಸು ಮುಗಿಯುವಷ್ಟರಲ್ಲಿ ನಿಮ್ಮ ಮಗು 10 ಸೆಂಟಿಮೀಟರ್ ಅಗಲದ ಆ ಪಟ್ಟಿಯ ಮೇಲೆ ಕಾಲಿಟ್ಟದ್ದು ಮೂರೋ ನಾಲ್ಕೋ ಸಲ.

ಯಾವುದು ಕಾರಣ ಎಂದು ತಿಳಿಯಲು ಕೋಚ್‌ನನ್ನೇ ಕೇಳಬೇಕು. ಸ್ಪರ್ಧೆ ಮುಗಿದ ದಿನ ಬೇಡ, ಮಕ್ಕಳ ಮುಂದೆಯೂ ಬೇಡ. ವಾರ ಬಿಟ್ಟು ಸಮಯ ಕೇಳಿ ಹೋಗಿ. "ಯಾಕೆ ಮೇಲೆ ಹಾಕಲಿಲ್ಲ ಸರ್?" ಎಂದು ಕೇಳಿದರೆ ಅವರು ಸಮರ್ಥನೆಗೆ ಇಳಿಯುತ್ತಾರೆ. "ಮೇಲೆ ಹೋಗಬೇಕಾದರೆ ಇವಳಿಗೆ ಇನ್ನೇನು ಬರಬೇಕು ಸರ್? ಅದಕ್ಕೆ ಈ ಮೂರು ತಿಂಗಳು ಏನು ಮಾಡಿಸ್ತೀರಿ? ಮನೆಯಲ್ಲಿ ನಾವೇನು ಮಾಡಿಸಬಹುದು?" ಎಂದು ಕೇಳಿ. ಒಳ್ಳೆಯ ಕೋಚ್ ಪಟ್ಟಿನ ಹೆಸರು ಹಿಡಿದು ಉತ್ತರ ಕೊಡುತ್ತಾರೆ: ಕಿಪ್‌ಗೆ ಭುಜದ ಬಲ ಸಾಲದು, ಹಗ್ಗ ಹತ್ತಿಸುತ್ತಿದ್ದೇನೆ, ದಸರಾ ರಜೆ ಹೊತ್ತಿಗೆ ನೋಡೋಣ. "ಮಾಡೋಣ ಬಿಡ್ರಿ, ಆಗುತ್ತೆ" ಎಂಬುದೇ ಎರಡು ವರ್ಷ ಕೇಳಿದ ಉತ್ತರವಾದರೆ ಬೇರೆ ಕಡೆ ವಿಚಾರಿಸಲು ಶುರು ಮಾಡಬಹುದು.

ಇವು ಕಂಡರೆ ಕಾಯಬೇಡಿ

ಕೂತು ಒಂದು ಪೂರ್ತಿ ಅಭ್ಯಾಸ ನೋಡಿ. ಪಾಲಕರು ಎಂದೂ ಒಳಗೆ ಬರಕೂಡದು ಎನ್ನುವ ಜಿಮ್ ನನಗೆ ಒಪ್ಪಿಗೆಯಿಲ್ಲ. ಸ್ಪ್ಲಿಟ್ ಪೂರ್ತಿ ಇಳಿಯಲೆಂದು ಅಳುತ್ತಿರುವ ಮಗುವಿನ ಹೆಗಲ ಮೇಲೆ ಭಾರ ಹಾಕಿ ಒತ್ತುವುದು, ಎಲ್ಲರ ಮುಂದೆ ತೂಕ ನೋಡಿ ಹಂಗಿಸುವುದು, ಊಟ ಬಿಡಿಸುವುದು, ಮ್ಯಾಟ್ ಇಲ್ಲದೆ ಹೊಸ ಪಲ್ಟಿ ಮಾಡಿಸುವುದು, ನೋವೆಂದರೆ "ನಾಟಕ" ಎನ್ನುವುದು. ಇವುಗಳಲ್ಲಿ ಒಂದೇ ಕಂಡರೂ ಬಿಡಿಸಲು ಸಾಕು.

ನೋವಿನ ವಿಷಯ ಬಿಡಿಸಿ ಹೇಳಬೇಕು. ಮಕ್ಕಳ ಎಲುಬಿನ ತುದಿಯಲ್ಲಿ ಇನ್ನೂ ಬೆಳೆಯುತ್ತಿರುವ ಮೆದು ಭಾಗವಿರುತ್ತದೆ. ಕೈ ಮೇಲೆ ಭಾರ ಹಾಕುವ ಈ ಆಟದಲ್ಲಿ ಮಣಿಕಟ್ಟಿನ ಆ ಭಾಗಕ್ಕೆ ಪೆಟ್ಟಾಗುತ್ತದೆ, ಬೆನ್ನನ್ನು ಪದೇ ಪದೇ ಹಿಂದಕ್ಕೆ ಬಾಗಿಸುವುದರಿಂದ ಸೊಂಟದ ಬೆನ್ನೆಲುಬಿನಲ್ಲಿ ಕೂದಲೆಳೆಯಷ್ಟು ಬಿರುಕು ಬೀಳಬಹುದು. ಅಭ್ಯಾಸ ಮುಗಿದ ಮೇಲೂ ಉಳಿಯುವ ನೋವು, ರಾತ್ರಿ ಎಬ್ಬಿಸುವ ನೋವು, ಒಂದೇ ಕಡೆ ಎರಡು ವಾರ ಕಾಡುವ ನೋವು ಇದ್ದರೆ ಅರಿಸಿನ, ಬಾಮು ಹಚ್ಚಿ ಸುಮ್ಮನಾಗಬೇಡಿ. ರಾಯಚೂರಿನ ರಿಮ್ಸ್‌ನಲ್ಲೋ ಹತ್ತಿರದ ಎಲುಬಿನ ಡಾಕ್ಟರ ಬಳಿಯೋ ತೋರಿಸಿ, ಮಗು ಆಡುವ ಆಟ ಯಾವುದೆಂದು ತಪ್ಪದೆ ಹೇಳಿ. ಡಾಕ್ಟರು ಹೇಳಿದ ವಿಶ್ರಾಂತಿಯನ್ನು ಗೌರವಿಸದ ಕೋಚ್‌ನ ಬಳಿ ಮಗು ಇರಕೂಡದು.

ಎಲ್ಲಕ್ಕಿಂತ ಗಂಭೀರ ಸಂಗತಿ ಲೈಂಗಿಕ ಕಿರುಕುಳ. ಈ ಆಟದಲ್ಲಿ ಆಸರೆ ಕೊಡಲು ಕೋಚ್ ಮಗುವಿನ ಮೈ ಮುಟ್ಟಲೇಬೇಕಾಗುತ್ತದೆ. ಅದನ್ನೇ ನೆಪ ಮಾಡಿಕೊಳ್ಳುವವರೂ ಇರುತ್ತಾರೆ. ಅಮೆರಿಕದ ರಾಷ್ಟ್ರೀಯ ತಂಡದ ವೈದ್ಯನಾಗಿದ್ದ ಲ್ಯಾರಿ ನಾಸರ್ ಎಂಬಾತ ಚಿಕಿತ್ಸೆಯ ಹೆಸರಿನಲ್ಲಿ ನೂರಾರು ಹುಡುಗಿಯರಿಗೆ ವರ್ಷಗಟ್ಟಲೆ ಕಿರುಕುಳ ಕೊಟ್ಟ. 2018ರಲ್ಲಿ ಅವನಿಗೆ ದೀರ್ಘ ಜೈಲು ಶಿಕ್ಷೆಯಾಯಿತು. ಅಷ್ಟು ವರ್ಷ ನಡೆದದ್ದು ಮಕ್ಕಳು ಹೇಳಿದಾಗ ದೊಡ್ಡವರು ನಂಬದ ಕಾರಣಕ್ಕೆ. ಒಬ್ಬರೇ ಕೋಚ್, ಒಂದೇ ಮಗು, ಮುಚ್ಚಿದ ಬಾಗಿಲು ಎಂಬ ಸ್ಥಿತಿ ಯಾವತ್ತೂ ಬರಬಾರದು. ರಾತ್ರಿ ಹೊತ್ತು ಮಗುವಿನ ಫೋನ್‌ಗೆ ಖಾಸಗಿ ಮೆಸೇಜ್ ಕೂಡದು. ಬೇರೆ ಊರಿನ ಸ್ಪರ್ಧೆಗೆ ಹುಡುಗಿಯರನ್ನು ಕರೆದೊಯ್ಯುವಾಗ ಜೊತೆಗೆ ಒಬ್ಬ ಹೆಣ್ಣುಮಗಳು ಇರಲೇಬೇಕು. ಅನುಮಾನ ಬಂದರೆ ಮಕ್ಕಳ ಸಹಾಯವಾಣಿ 1098 ಇದೆ, 2012ರ ಪೋಕ್ಸೋ ಕಾಯ್ದೆ ಇದೆ. ಮರ್ಯಾದೆಗೆ ಅಂಜಿ ಸದ್ದಿಲ್ಲದೆ ಜಿಮ್ ಬದಲಿಸಿದರೆ ಅಲ್ಲಿ ಉಳಿದ ಮಕ್ಕಳು ಕಿರುಕುಳ ಕೊಟ್ಟವನ ಕೈಗೇ ಸಿಕ್ಕಂತಾಗುತ್ತದೆ.

ಮಾನ್ವಿಯಿಂದ ಎಲ್ಲಿಗೆ?

ಬದಲಿಸುವುದೆಂದರೆ ಡಲ್ಲಾಸ್‌ನ ಕುಟುಂಬಕ್ಕೆ ಕಾರಿನಲ್ಲಿ ಇನ್ನೊಂದಿಷ್ಟು ದೂರ. ಮಾನ್ವಿ, ದೇವದುರ್ಗದವರಿಗೆ ಊರೇ ಬಿಡುವ ಪ್ರಶ್ನೆ. ಮೊದಲ ನಿಲ್ದಾಣ ಜಿಲ್ಲಾ ಕೇಂದ್ರ ರಾಯಚೂರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ತಾಯಿ-ಮಗಳಿಗೆ ಸಾಮಾನ್ಯ ಬಸ್ಸಿನ ಖರ್ಚು ಉಳಿಯುತ್ತದೆ. ಆದರೆ ಹೊತ್ತು ಉಳಿಯುವುದಿಲ್ಲ. ಶಾಲೆ ಮುಗಿಸಿ ಬಸ್ ಹತ್ತಿ, ಅಭ್ಯಾಸ ಮಾಡಿ, ರಾತ್ರಿ ಮನೆ ಸೇರುವ ಮಗು ಹೋಮ್‌ವರ್ಕ್ ಯಾವಾಗ ಮಾಡಬೇಕು, ಊಟ ಎಲ್ಲಿ, ನಿದ್ದೆ ಎಷ್ಟು ಎಂದು ಕಾಗದದ ಮೇಲೆ ಬರೆದು ನೋಡಿ. ವಾರದಲ್ಲಿ ಎರಡು ದಿನ ರಾಯಚೂರು, ಉಳಿದ ದಿನ ಊರಿನ ಪಿ.ಟಿ. ಮಾಸ್ತರರ ಕೈಯಲ್ಲಿ ಬಲ ಮತ್ತು ಮೈ ಬಾಗಿಸುವ ಕಸರತ್ತು ಎಂಬ ಹೊಂದಾಣಿಕೆಗೆ ರಾಯಚೂರಿನ ಕೋಚ್, ಮಾಸ್ತರರು ಇಬ್ಬರೂ ಒಪ್ಪಿದರೆ ಮೊದಲೆರಡು ವರ್ಷಕ್ಕೆ ಅದು ಸಾಕು.

ಹೈದರಾಬಾದ್ ನಮಗೆ ಬೆಂಗಳೂರಿಗಿಂತ ಹತ್ತಿರ. ಕೃಷ್ಣೆ ದಾಟಿ ಮಖ್ತಲ್, ಮೆಹಬೂಬ್‌ನಗರದ ಮೇಲೆ ಹಾಯ್ದರೆ ರಾಯಚೂರಿನಿಂದ ಸುಮಾರು 200 ಕಿಲೊಮೀಟರ್, ಬೆಂಗಳೂರು ಅದರ ಎರಡು ಪಟ್ಟು. 2018ರಲ್ಲಿ ಮೆಲ್ಬರ್ನ್ ವಿಶ್ವಕಪ್‌ನ ವಾಲ್ಟ್‌ನಲ್ಲಿ ಕಂಚು ಗೆದ್ದು, ವಿಶ್ವಕಪ್‌ನಲ್ಲಿ ವೈಯಕ್ತಿಕ ಪದಕ ಪಡೆದ ಮೊದಲ ಭಾರತೀಯ ಜಿಮ್ನಾಸ್ಟ್ ಎನಿಸಿದ ಅರುಣಾ ಬುದ್ಧಾ ರೆಡ್ಡಿ ಹೈದರಾಬಾದಿನವರು. ಆದರೆ ರಾಜ್ಯದ ಗಡಿ ದಾಟಿದರೆ ಮಗು ಶಾಲಾ ಕೂಟದಲ್ಲಿ ಕರ್ನಾಟಕದ ಪರ ಆಡುವುದಿಲ್ಲ, ಓದುವ ಶಾಲೆ ಯಾವ ರಾಜ್ಯದ್ದೋ ಆ ರಾಜ್ಯದ ಪರ. ಮುಂದೆ ಸಿಇಟಿಗೆ, ಕಲ್ಯಾಣ ಕರ್ನಾಟಕದ 371(ಜೆ) ಸೌಲಭ್ಯಕ್ಕೆ ಅರ್ಜಿ ಹಾಕುವಾಗ ಎಲ್ಲಿ ಓದಿದ್ದು, ಎಲ್ಲಿ ವಾಸವಿದ್ದದ್ದು ಎಂಬ ದಾಖಲೆ ಕೇಳುತ್ತಾರೆ. ಟಿ.ಸಿ. ತೆಗೆಯುವ ಮೊದಲೇ ಇದನ್ನು ಬಿಇಒ ಕಚೇರಿಯಲ್ಲಿ ವಿಚಾರಿಸಿ.

ರಾಜ್ಯದೊಳಗೇ ಉಳಿಯುವವರಿಗೆ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ವಸತಿ ನಿಲಯಗಳಿವೆ. ಓಟ, ಜಿಗಿತದಂಥ ಪರೀಕ್ಷೆಗಳ ಮೂಲಕ ಆಯ್ಕೆ ನಡೆಯುತ್ತದೆ, ಪ್ರಕಟಣೆ ಪತ್ರಿಕೆಗಳಲ್ಲಿ ಬರುತ್ತದೆ. ಎಲ್ಲ ನಿಲಯದಲ್ಲೂ ಎಲ್ಲ ಆಟ ಇರುವುದಿಲ್ಲ. ಜಿಮ್ನಾಸ್ಟಿಕ್ಸ್ ಎಲ್ಲಿದೆ, ಕೋಚ್ ಹುದ್ದೆ ಈಗ ಭರ್ತಿ ಇದೆಯೇ ಎಂದು ರಾಯಚೂರಿನ ಇಲಾಖೆ ಕಚೇರಿಯಲ್ಲೇ ಕೇಳಿ ಖಚಿತ ಮಾಡಿಕೊಳ್ಳಿ. ಹೊರಡುವ ಮೊದಲು ಜನ್ಮ ದಿನಾಂಕ ನೋಡಿಕೊಳ್ಳಿ. ನಮ್ಮ ಹಳ್ಳಿಗಳಲ್ಲಿ ಶಾಲೆಗೆ ಹಾಕುವಾಗ ಮಾಸ್ತರರು ಅಂದಾಜಿನ ಮೇಲೆ ಜೂನ್ 1 ಎಂದು ಬರೆದುಕೊಂಡದ್ದು ಉಂಟು. ಜನನ ಪ್ರಮಾಣಪತ್ರದಲ್ಲಿ ಒಂದು, ಶಾಲೆಯ ದಾಖಲೆಯಲ್ಲಿ ಇನ್ನೊಂದು, ಆಧಾರ್‌ನಲ್ಲಿ ಮತ್ತೊಂದು ಇದ್ದರೆ ವಯಸ್ಸಿನ ಗುಂಪಿನ ಈ ಆಟದಲ್ಲಿ ಮಗುವನ್ನು ಸ್ಪರ್ಧೆಯ ದಿನವೇ ವಾಪಸ್ ಕಳಿಸಬಹುದು.

ಊರು, ದಾಖಲೆ ಎಲ್ಲ ಸರಿಹೋದರೂ ಉಡುಪಿನ ಕಾರಣಕ್ಕೇ ಹುಡುಗಿಯರನ್ನು ಬಿಡಿಸುವ ಮನೆಗಳು ನಮ್ಮಲ್ಲಿವೆ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಜರ್ಮನಿಯ ಹುಡುಗಿಯರು ಕಣಕಾಲಿನವರೆಗೆ ಮೈ ಮುಚ್ಚುವ ಉಡುಪು ತೊಟ್ಟು ಸ್ಪರ್ಧಿಸಿದರು. ಅಂತರರಾಷ್ಟ್ರೀಯ ನಿಯಮದಲ್ಲಿ ಅದಕ್ಕೆ ಅವಕಾಶವಿದೆ.

ದೊಡ್ಡ ಊರಿಗೆ ಹೋದರೇ ದೊಡ್ಡ ಸಾಧನೆ ಎಂಬುದನ್ನು ನಾನು ನಂಬುವುದಿಲ್ಲ. ಅಮೆರಿಕದ ಗ್ಯಾಬಿ ಡಗ್ಲಸ್ ಹದಿನಾಲ್ಕರಲ್ಲಿ ಮನೆ ಬಿಟ್ಟು, ವರ್ಜೀನಿಯಾದಿಂದ ಅಯೋವಾಕ್ಕೆ ಹೋಗಿ ಬೇರೆಯವರ ಮನೆಯಲ್ಲಿದ್ದು ಕೋಚ್ ಲಿಯಾಂಗ್ ಚೌ ಬಳಿ ಕಲಿತರು, 2012ರ ಲಂಡನ್‌ನಲ್ಲಿ ಆಲ್‌ರೌಂಡ್ ಚಿನ್ನ ಗೆದ್ದರು. ನಮ್ಮ ದೀಪಾ ಕರ್ಮಾಕರ್ ಅವರದು ಬೇರೆಯೇ ದಾರಿ. ಚಪ್ಪಟೆ ಪಾದದ ಹುಡುಗಿ, ಊರು ಅಗರ್ತಲಾ, ಹಳೆಯ ಸ್ಕೂಟರ್‌ನ ಬಿಡಿಭಾಗಗಳಿಂದ ಜೋಡಿಸಿದ ಸಲಕರಣೆ. ಕೋಚ್ ಬಿಶ್ವೇಶ್ವರ ನಂದಿ ಅವರನ್ನು ಬಿಡದೆ 2016ರ ರಿಯೊದ ವಾಲ್ಟ್ ಫೈನಲ್‌ಗೆ ಬಂದರು, 15.066 ಅಂಕ ಪಡೆದು 0.150 ಅಂಕದಿಂದ ಅವರಿಗೆ ಕಂಚು ಕೈತಪ್ಪಿತು. ಒಬ್ಬರು ಕೋಚ್‌ಗಾಗಿ ಊರು ಬಿಟ್ಟರು, ಇನ್ನೊಬ್ಬರು ತಮ್ಮ ಹಳೆಯ ಕೋಚ್ ಜೊತೆಗೇ ಉಳಿದರು. ಹೊಸ ಜಾಗ ನೋಡಲು ಹೋದಾಗ ಹೊಳೆಯುವ ಸಲಕರಣೆಯನ್ನು ಆಮೇಲೆ ನೋಡಿ. ಮಗು ಬಿದ್ದಾಗ ಆ ಕೋಚ್ ಮೊದಲು ಮಾಡುವುದೇನು ಎಂದು ನೋಡಿ.

ಜಿಮ್ನಾಸ್ಟಿಕ್ಸ್ ಹಾಲ್ ಕೈಗೆಟುಕದಿದ್ದರೆ ಮಲ್ಲಕಂಬ ಇದೆ. ಬಾಗಲಕೋಟೆಯ ತುಳಸಿಗೇರಿಯಂಥ ಊರಿನ ಮಕ್ಕಳು ನಯವಾದ ಕಂಬ, ಔಡಲೆಣ್ಣೆ ಇಷ್ಟರಲ್ಲೇ ರಾಷ್ಟ್ರ ಮಟ್ಟಕ್ಕೆ ಹೋಗುತ್ತಾರೆ. ಖೇಲೊ ಇಂಡಿಯಾ ಯುವ ಕ್ರೀಡಾಕೂಟದಲ್ಲೂ ಅದಕ್ಕೆ ಜಾಗ ಸಿಕ್ಕಿದೆ. ಹಿಡಿತ, ಹೊಟ್ಟೆಯ ಬಲ, ತಲೆಕೆಳಗಾದಾಗ ದಿಕ್ಕು ತಪ್ಪದ ಅಭ್ಯಾಸ ಎಲ್ಲವೂ ಅಲ್ಲಿ ಬರುತ್ತವೆ.

ಬಿಡುವುದೆಂದು ನಿರ್ಧರಿಸಿದ ಮೇಲೆ

ಮೊದಲು ಮಗುವನ್ನು ಕೇಳಿ, ಒಂದೇ ಸಲ ಅಲ್ಲ. ಸೋತು ಬಂದ ಸಂಜೆ "ಬ್ಯಾಡವ್ವಾ, ಬಿಟ್ಟುಬಿಡ್ತೀನಿ" ಎಂದದ್ದು ನಿರ್ಧಾರವಲ್ಲ. ಬೇಸಿಗೆ ರಜೆಯಲ್ಲಿ ಹದಿನೈದು ದಿನ ಆಟದಿಂದ ದೂರವಿಟ್ಟು ನೋಡಿ. ತಾನಾಗಿ ಗೋಡೆಗೆ ಕಾಲು ಹಚ್ಚಿ ಕೈ ಮೇಲೆ ನಿಲ್ಲತೊಡಗಿದರೆ ಆಟ ಬೇಕಾಗಿದೆ. ನೆನಪೇ ಮಾಡದಿದ್ದರೆ ಜಿಮ್ ಬದಲಿಸುವ ಮಾತು ಪಕ್ಕಕ್ಕಿಟ್ಟು, ಆಟವೇ ಬೇಕೇ ಎಂದು ಕೇಳಬೇಕಾಗುತ್ತದೆ.

ಕಿರುಕುಳ, ಗಾಯದಂಥ ತುರ್ತು ಇಲ್ಲದಿದ್ದರೆ ಸ್ಪರ್ಧೆಗಳ ನಡುವೆ ಬಿಡಿಸಬೇಡಿ, ಸೀಸನ್ ಮುಗಿಯಲಿ. ಹಳೆಯ ಕೋಚ್‌ಗೆ ಬೇರೆಯವರ ಬಾಯಿಂದ ಗೊತ್ತಾಗಬಾರದು. ನೀವೇ ಎದುರಿಗೆ ಹೋಗಿ, ಮಗುವನ್ನೂ ಕರೆದುಕೊಂಡು ಹೋಗಿ, ಬಾಕಿ ಫೀ ಕಟ್ಟಿ, ನಮಸ್ಕಾರ ಹೇಳಿ ಬನ್ನಿ. ನಮ್ಮಂಥ ಸಣ್ಣ ಊರುಗಳಲ್ಲಿ ನಾಳೆ ಅವರೇ ನಿರ್ಣಾಯಕರಾಗಿ ಎದುರು ಕೂತಿರಬಹುದು, ಆಯ್ಕೆ ಸಮಿತಿಯಲ್ಲೂ ಇರಬಹುದು. ಗೆದ್ದ ಪ್ರಮಾಣಪತ್ರಗಳ ಮೂಲಪ್ರತಿ, ಸಂಘದ ನೋಂದಣಿ ಸಂಖ್ಯೆ ಅವರ ಬಳಿ ಇದ್ದರೆ ಅವತ್ತೇ ಕೇಳಿ ಪಡೆಯಿರಿ.

ಹೊಸ ಜಿಮ್‌ಗೆ ಸೇರಿಸುವ ಮೊದಲು ಒಂದು ವಾರ ಟ್ರಯಲ್ ಕೇಳಿ. ಅಲ್ಲಿಯ ಹಳೆಯ ಪಾಲಕರ ಜೊತೆ, ಮುಖ್ಯವಾಗಿ ಮಗು ಗೆಲ್ಲದ ಪಾಲಕರ ಜೊತೆ, ಮಾತಾಡಿ. ಮೊದಲ ಮೂರು ತಿಂಗಳಲ್ಲಿ ಹೊಸ ಕೋಚ್ ನಿಮ್ಮ ಮಗಳನ್ನು ಹಿಂದಿನ ಹಂತಕ್ಕಿಂತಲೂ ಕೆಳಗೆ ಇಳಿಸಿ, ಕೈ ಮೇಲೆ ನಿಲ್ಲುವುದನ್ನು, ಮುಂದಕ್ಕೆ ಉರುಳುವುದನ್ನು ಮತ್ತೆ ಮೊದಲಿನಿಂದ ಮಾಡಿಸಬಹುದು. ಬೇರೆಯವರು ಕಲಿಸಿದ ಪಟ್ಟಿಗೆ ಆಸರೆ ಕೊಡಬೇಕಾದರೆ ಆ ಮೈ ಹೇಗೆ ಚಲಿಸುತ್ತದೆ ಎಂದು ಅವರಿಗೆ ಗೊತ್ತಾಗಬೇಕು. ಆ ಮೂರು ತಿಂಗಳು ಯಾವ ಸ್ಪರ್ಧೆಗೂ ಹೆಸರು ಕೊಡಬೇಡಿ.